ಹನ್ನೆರಡನೇ ನಿಮಿಷದ ಸಾಲು

ಮುಂದಿನ ಟ್ರೇಲರ್ ಗಾಡಿಯ ಸಂದಿಯಿಂದ ಕುದುರೆಯ ಬಾಲವೊಂದು ಹೊರಗೆ ಇಣುಕಿದೆ, ಆಗಿನಿಂದ ಅದನ್ನೇ ನೋಡುತ್ತಿದ್ದೇನೆ, ನೋಡದೆ ಇನ್ನೇನು ಮಾಡಲಿ, ಅತ್ತೆ ಮಾವನಿಗೆ ಊರು ತೋರಿಸಲು ಹೊರಟು ವೇಕೋ ದಾಟಿ ಮುಕ್ಕಾಲು ಗಂಟೆಯಾದರೂ ಕಾರು ನಾಲ್ಕು ಹೆಜ್ಜೆ ಹೋಗಿಲ್ಲ, ಮುಂದೆಲ್ಲೋ ಆಕ್ಸಿಡೆಂಟ್ ಅಂತೆ — ಈ ಟೆಕ್ಸಾಸ್ ಕುದುರೆಗಳದ್ದು ಏನು ಠೀವಿ, ಐಲಾ ಅನ್ನುವ ಅಜ್ಜಿ ತೆಗೆದ ಸಿನಿಮಾದಲ್ಲಿರುವವು ಕುಳ್ಳ ಕುದುರೆಗಳು, ಮೈತುಂಬ ಕೂದಲು, ಮೂಗಿನಿಂದ ಹಬೆ, ಫಿನ್ಲೆಂಡಿನ ಹಿಮದಲ್ಲಿ ತೆಗೆದ ಕೌಬಾಯ್ ಸಿನಿಮಾ ಅದು, ಕಳ್ಳಿಗಿಡದ ಬದಲು ಬರ್ಚ್ ಮರ, ಸಲೂನ್ ಅನ್ನುವ ಹೆಂಡದಂಗಡಿಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಾರೆ, ಶೆರಿಫ್ ತನ್ನ ದಪ್ಪ ಉಣ್ಣೆಯ ಕೈಗವಸು ಪಿಸ್ತೂಲಿನ ಟ್ರಿಗರ್‌ಗೆ ಸಿಕ್ಕಿಕೊಂಡು ಒದ್ದಾಡುತ್ತಾನೆ, ನಗಬೇಕು ಅನಿಸುತ್ತದೆ, ನಗು ಬರುವುದಿಲ್ಲ. ಟೆಕ್ಸಾಸ್‌ನವರು ಕೌಬಾಯ್ ಅಂದರೆ ತಮ್ಮ ಪಿತ್ರಾರ್ಜಿತ ಅಂದುಕೊಂಡಿದ್ದಾರೆ, ಸ್ವೀಡನ್ನು, ಡೆನ್ಮಾರ್ಕು, ಫಿನ್ಲೆಂಡುಗಳಲ್ಲೂ ಟೋಪಿ ಹಾಕಿಕೊಂಡು ಕುದುರೆ ಹತ್ತಿದವರಿದ್ದರು ಅಂದರೆ ಯಾರು ನಂಬುತ್ತಾರೆ, ಆಸ್ಟಿನ್‌ನ ಕೆಲ್ಲಿ ಒಬ್ಬಳು ನಂಬಿದಳು, ಅಂಥ ಮರೆತ ಸಿನಿಮಾಗಳನ್ನೆಲ್ಲ ಹುಡುಕಿ ತೆಗೆದು ತೋರಿಸುವುದೇ ಅವಳ ಪುಟ್ಟ ಕಂಪನಿಯ ಕೆಲಸ, ಸಬ್‌ಟೈಟಲ್ ತಿದ್ದುವುದು ನನ್ನದು, ಇರ್ವಿಂಗ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಕುಕ್ಕರ್ ಕೂಗುವುದರ ನಡುವೆ. ಐವತ್ತು ವರ್ಷ ಡಬ್ಬದಲ್ಲಿ ಬಿದ್ದಿದ್ದ ಸಿನಿಮಾ, ಐಲಾ ತೆಗೆದದ್ದು ಇದೊಂದೇ, ಎಂಬತ್ತೆರಡು ವಯಸ್ಸಾಗಿದೆ, ಇವತ್ತು ಮೂರು ಗಂಟೆಗೆ ಆಸ್ಟಿನ್‌ನಲ್ಲಿ ತುಂಬಿದ ಹಾಲ್‌ನಲ್ಲಿ ಕೂತು ನೋಡುತ್ತಾಳೆ, ಜೊತೆಗೆ ನನ್ನ ತಪ್ಪನ್ನೂ ನೋಡುತ್ತಾಳೆ.

ತಪ್ಪು ಅಂತ ಗೊತ್ತಾದದ್ದು ಬೆಳಿಗ್ಗೆ, ಕಾರು ಹತ್ತುವಾಗ. ಪಕ್ಕದ ಮನೆಯ ಜಯಂತ ಅಂಕಲ್ ಕೀ ಹಿಡಿದು ಹೊರಗೆ ಬಂದರು, ನಮ್ಮತ್ತೆ ಶಾಂತವ್ವ ಬಾಯಿತುಂಬ ಕೇಳಿದರು, ದೂರ ಹೊಂಟೀರೇನ್ರಿ? ಅಯ್ಯೋ, ಅದು ನನ್ನ ಸಾಲು! ಹನ್ನೆರಡನೇ ನಿಮಿಷ, ಗಂಡ ಕುದುರೆಗೆ ಜೀನು ಬಿಗಿಯುತ್ತಾನೆ, ಬಾಗಿಲಲ್ಲಿ ಹೆಂಡತಿ, ಕೈಗೆಲ್ಲ ಹಿಟ್ಟು, ಎಲ್ಲಿಗೆ ಅಂತ ಕೇಳುತ್ತಾಳೆ, ನನಗೆ ಬಂದ ಕಚ್ಚಾ ಇಂಗ್ಲಿಷ್ ಅನುವಾದದಲ್ಲೂ ಹಾಗೇ ಇತ್ತು, ನಾನೇ ಅಳಿಸಿ ದೂರ ಹೊರಟೆಯಾ ಅಂತ ಬರೆದೆ, ಬರೆದದ್ದು ಗಮನಕ್ಕೂ ಬರಲಿಲ್ಲ, ಹೊರಟವರನ್ನು ಎಲ್ಲಿಗೆ ಅನ್ನಬಾರದು, ಅಷ್ಟೆ. ಮೈಸೂರಿನ ಮನೆಯಲ್ಲಿ ಏಳು ವರ್ಷದವಳು ಒಂದು ಸಲ ಕೇಳಿದ್ದೆ, ಅಪ್ಪ ಎಲ್ಲಿಗೆ? ಅಮ್ಮ ತೋಳು ಚಿವುಟಿದಳು, ಶನಿ, ಹೊರಟವರನ್ನ ಹಾಗೆ ಕೇಳ್ತಾರೇನೇ, ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು ನೀರು ಕುಡಿದು ಮತ್ತೆ ಹೊರಟರು, ಆಮೇಲೆ ನಾನು ಯಾರನ್ನೂ ಕೇಳಿಲ್ಲ, ಗಂಡ ಸಂಗಮೇಶನನ್ನೂ ಕೇಳಿಲ್ಲ, ಹ್ಯೂಸ್ಟನ್ ಬಿಟ್ಟು ಇರ್ವಿಂಗ್‌ಗೆ ಶಿಫ್ಟ್ ಆಗೋಣ ಅಂದಾಗ ಡಬ್ಬ ಕಟ್ಟಿದೆ. ಅವಳು ಮಾತ್ರ ಕೇಳಿದ್ದಳು, ಆ ಹಿಟ್ಟಿನ ಕೈಯವಳು, ಅವಳ ಬಾಯಿಂದ ಕಿತ್ತುಕೊಂಡವಳು ನಾನು.

ಎಲ್ಲಾದರೂ ಒಂದು ಸಾಲು ತಪ್ಪಿದ್ದರೆ ನಾಳೆ ಎರಡೂವರೆಯೊಳಗೆ ಹೇಳು, ಎರಡು ನಿಮಿಷದಲ್ಲಿ ಸರಿ ಮಾಡ್ತೀನಿ ಅಂತ ಕೆಲ್ಲಿ ನಿನ್ನೆಯೇ ಹೇಳಿದ್ದಳು, ಈಗ ಎರಡೂ ಹತ್ತು, ನನ್ನ ಫೋನು ಬೆಳಿಗ್ಗೆಯಿಂದ ಮುಂದೆ ಸ್ಟೀರಿಂಗ್ ಪಕ್ಕ ಸಿಕ್ಕಿಕೊಂಡಿದೆ, ದಾರಿ ತೋರಿಸಲು ನನ್ನದೇ ಆಗಬೇಕಂತೆ, ಸಂಗಮೇಶನದು ಆಫೀಸಿನದು, ಇಲ್ಲಿ ಹಿಂದಿನ ಸೀಟಿನಲ್ಲಿ ನನ್ನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಚಕ್ಕುಲಿ ಡಬ್ಬ, ಕೂಲರು, ದಿಂಬು. ಸಂಗಮೇಶ್, ಫೋನ್ ಕೊಡಿ ಸ್ವಲ್ಪ, ಒಂದು ಮೆಸೇಜ್. ತಡೀ, ದಾರಿ ತಪ್ಪತೈತಿ. ಕಾರು ನಿಂತೇ ಇದೆಯಲ್ರೀ. ಈಗ ಎಕ್ಸಿಟ್ ಬರತೈತಿ, ಸುಮ್ನ ಕೂಡು. ಅರ್ಜೆಂಟ್ ಇದೆ ಅಂದೆ, ನಿನ್ನ ಸಿನಿಮಾದ್ದೇನ್ ಅರ್ಜೆಂಟ್ ಅಂದ, ಮುಂದಿನ ಸೀಟಿನಲ್ಲಿ ಮಾವ ಗದಿಗೆಪ್ಪನವರು ಕಣ್ಣು ಬಿಡದೆ ನಕ್ಕರು, ಅತ್ತೆ ಒಂದ್ ಚಕ್ಲಿ ತಿನ್ನವಾ ಅಂದರು, ತಿಂದೆ, ಥೂ ನನ್ನ ಜನ್ಮಕ್ಕೆ, ನಿಜವಾಗಲೂ ತಿಂದೆ. ತಪ್ಪು ಮಾಡಿದ್ದೇನೆ ಅಂತ ಕೂಗಬಹುದಿತ್ತು, ಕೈ ಚಾಚಿ ಕಿತ್ತುಕೊಳ್ಳಬಹುದಿತ್ತು, ಎರಡೂ ಇಪ್ಪತ್ತು, ಎರಡೂವರೆ, ಎಕ್ಸಿಟ್ ಬರಲೇ ಇಲ್ಲ, ಮೂರು, ಈಗ ದೀಪ ಆರಿರುತ್ತದೆ, ಈಗ ಬರ್ಚ್ ಮರಗಳು, ಈಗ ಜೀನು.

ಮೂರೂ ಹದಿನೈದಕ್ಕೆ ಫೋನು ಹೊಡೆದುಕೊಂಡಿತು, ಕಾರಿನ ಸ್ಪೀಕರಿನಲ್ಲಿ, ಕೆಲ್ಲಿಯ ದನಿ, ಹರ್ಷಿಣಿ, ನೋಡು, ಐಲಾ ಎದ್ದು ಹೊರಗೆ ಬಂದುಬಿಟ್ಟಿದ್ದಾರೆ, ಮಾತಾಡಬೇಕಂತೆ, ಆಮೇಲೆ ಐಲಾಳದೇ ಮುದಿ ದನಿ, ನಿಧಾನದ ಇಂಗ್ಲಿಷು, ಬೈಗುಳವಿಲ್ಲ, ಸಿಟ್ಟಿಲ್ಲ, ನನ್ನ ತಾಯಿ ಜೀವಮಾನದಲ್ಲಿ ಒಂದೇ ಸಲ ಎಲ್ಲಿಗೆ ಅಂತ ಕೇಳಿದ್ದು, ಅದೊಂದಕ್ಕೇ ನಾನು ಈ ಸಿನಿಮಾ ಮಾಡಿದ್ದು, ನೀನೂ ಹೆಂಗಸು, ನೀನು ಯಾಕೆ ಅವಳನ್ನು ಕೇಳಲು ಬಿಡಲಿಲ್ಲ? ಕಾರೆಲ್ಲ ತುಂಬಿತು ಆ ದನಿ, ಹೇಳಬೇಕು, ಎಲ್ಲ ಹೇಳಬೇಕು, ಅಪ್ಪನ ಚಪ್ಪಲಿ, ಅಮ್ಮ ಚಿವುಟಿದ್ದು, ಸೀಟುಗಳ ನಡುವೆ ಮುಂದಕ್ಕೆ ಬಾಗಿದೆ, ಬಾಯಿ ತೆರೆದೆ, ಆಮ್ಯಾಲೆ ಮಾತಾಡಿದ್ರಾತು ತಗೋ, ಅಪ್ಪಾರು ಮಲಗ್ಯಾರ, ಸಂಗಮೇಶನ ಕೈ ಮುಂದೆ ಬಂತು, ಕೆಂಪು ಗುಂಡಿಯ ಮೇಲೆ ಹೆಬ್ಬೆರಳು, ಎಷ್ಟು ಮೆಲ್ಲಗೆ ಒತ್ತಿದ, ದನಿ ಕಡಿಯಿತು, ಕಾರು ಹತ್ತಡಿ ಹೋಯಿತು, ನಿಂತಿತು, ಆ ಹೆಬ್ಬೆರಳು, ಉಗುರು ನೀಟಾಗಿ ಕತ್ತರಿಸಿದ ಆ ಹೆಬ್ಬೆರಳು, ಕೆಂಪು ಗುಂಡಿ, ಆ ಹೆಬ್ಬೆರಳು