ತಮ್ಮ ಕೊರೆದ ತೂತು

ನನ್ನ ತಮ್ಮನಿಗೆ ತೂಕದ ಹುಚ್ಚು. ಕಾಡುದಾರಿಯಲ್ಲಿ ಓಡುವ ಎಂಡ್ಯೂರೋ ಬೈಕು ನೂರು ಕಿಲೋ ದಾಟಬಾರದೆಂದು ಮೂರು ವರ್ಷ ನಕ್ಷೆ ಬರೆದು ಅಳಿಸಿದವನು. ಫ್ರೇಮ್ ವೆಲ್ಡಿಂಗ್ ಮಾಡಿದವಳು ನಾನು. ಬೆಸುಗೆ ಕೊಂಚ ದಪ್ಪವಾದರೂ ಅರ ಹಿಡಿದು ನನ್ನ ಕಣ್ಣೆದುರೇ ಉಜ್ಜುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು.

ಎಂಜಿನ್ನಿಗೆ ಕಲ್ಲು ಬಡಿಯದಂತೆ ಕೆಳಗೆ ಹಾಕಿದ್ದ ಅಲ್ಯೂಮಿನಿಯಂ ತಗಡಿಗೂ ನಲವತ್ತು ತೂತು ಕೊರೆದ.

"ಏನೋ ಇದು, ಹಿಟ್ಟು ಜರಡಿ ಹಿಡೀತೀಯಾ?" ಎಂದೆ.

"ಇನ್ನೂರು ಗ್ರಾಂ ಉಳೀತಕ್ಕಾ!" ಎಂದು ಹಿರಿಹಿರಿ ಹಿಗ್ಗಿದ.

ಪರೀಕ್ಷೆಯ ದಿನ, ನಾವಿಬ್ಬರೂ ದುಡಿಯುವ ಬೈಕು ಕಾರ್ಖಾನೆಯ ಯಜಮಾನರು ಗುಡ್ಡದ ಬುಡದಲ್ಲಿ ನಿಂತು ಖಡಾಖಂಡಿತವಾಗಿ ಹೇಳಿಬಿಟ್ಟರು: "ಕೆಸರಲ್ಲಿ ಹತ್ತು ಸುತ್ತು, ಆಮೇಲೆ ಗುಡ್ಡ. ಎರಡೇ ಅವಕಾಶ. ತುದಿ ಮುಟ್ಟದಿದ್ರೆ ನಮ್ಗೆ ಹಳೇ ಮಾದರಿ ಬೈಕೇ ಗತಿ, ಇದು ಗುಜರಿಗೆ."

ಓಡಿಸುವವಳು ನನ್ನ ಮಗಳು. ಹತ್ತು ಸುತ್ತು ಮುಗಿಸಿ ಏರು ಹತ್ತಿದಳು. ಮುಕ್ಕಾಲು ದಾರಿಯಲ್ಲಿ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿತು. ಬೈಕು ಮೇಲೇರಲೇ ಇಲ್ಲ.

"ಮಾವಾ, ಮೊದ್ಲು ಹೂವಿನ ಥರ ಇತ್ತು. ಕೊನೇಲಿ ಎಮ್ಮೆ ಎಳೆದ ಹಾಗಾಯ್ತು," ಎಂದಳು ಕೆಳಗೆ ಬಂದು.

ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬೈಕಿನ ಕೆಳಗೆ ನುಸುಳಿದೆ. ತೂತುಗಳಿಂದ ನುಗ್ಗಿದ ಕೆಸರು ತಗಡಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಕೆರೆದು ಬಕೆಟ್ಟಿಗೆ ತುಂಬಿ ತೂಗಿದೆ. ಒಂಬತ್ತು ಕಿಲೋ!

"ಇನ್ನೂರು ಗ್ರಾಂ ಉಳಿಸೋಕೆ ಹೋಗಿ ಒಂಬತ್ತು ಕಿಲೋ ಹೊರಿಸಿದ್ದೀಯಲ್ಲೋ, ಮಹಾರಾಯ! ತೂತು ಮುಚ್ತೀನಿ."

"ಬೇಡಕ್ಕಾ, ನೂರು ದಾಟಿಬಿಡತ್ತೆ!"

"ನಿಂಗೆ ನೂರು ಬೇಕೋ, ಗುಡ್ಡ ಬೇಕೋ?"

ಅವನು ತಾನೇ ಹೊಸ ತಗಡು ಕತ್ತರಿಸಿ ತಂದು ಕೈಗಿತ್ತ. ನಾನು ಹಳೆಯದರ ಮೇಲೆ ರಿವೆಟ್ ಹೊಡೆದು ಕೂರಿಸಿದೆ.

ಎರಡನೆಯ ಸಲ ಮಗಳು ಹತ್ತು ಸುತ್ತು ಮುಗಿಸಿದಾಗ ಎಂಜಿನ್ನಿನ ಸದ್ದೇ ಬೇರೆ ಇತ್ತು. ಹಿಂದೆ ಸಿಕ್ಕಿಬಿದ್ದಿದ್ದ ಜಾಗವನ್ನು ತಿರುಗಿಯೂ ನೋಡದೆ ದಾಟಿದಳು. ಬೈಕು ಬಂಡೆಯಿಂದ ಬಂಡೆಗೆ ನೆಗೆಯುತ್ತ ತುದಿ ಮುಟ್ಟಿತು. ತಮ್ಮ ಹುಚ್ಚನಂತೆ ಗುಡ್ಡ ಹತ್ತಿ ಓಡಿದ, ಎರಡು ಸಲ ಬಿದ್ದ, ಎದ್ದ. ಯಜಮಾನರೂ ನಾನೂ ಏದುಸಿರು ಬಿಡುತ್ತ ಹಿಂದೆಯೇ ಹೋದೆವು.

"ತೂಕ ಎಷ್ಟಪ್ಪಾ ಈಗ?" ಎಂದರು ಯಜಮಾನರು.

ತಮ್ಮ ಮುಖದ ಕೆಸರು ಒರೆಸಿಕೊಂಡು ಎದೆಯುಬ್ಬಿಸಿ ಹೇಳಿದ: "ನೂರು ಕಿಲೋ, ಮೇಲೆ ನೂರು ಗ್ರಾಂ. ಆ ನೂರು ಗ್ರಾಂ ನಮ್ಮಕ್ಕನ ಲೆಕ್ಕ, ಸಾರ್."

"ಹಾಗಾದ್ರೆ ಇನ್ನು ಒಂದು ಗ್ರಾಮೂ ಇಳಿಸ್ಬೇಡ. ನಾಳೆಯಿಂದ ಇದನ್ನೇ ತಯಾರು ಮಾಡೋಣ."

ನನಗೆ ಅಳು ತಡೆಯಲಾಗಲಿಲ್ಲ. ಕೆಸರು ಮೆತ್ತಿದ ತಮ್ಮ, ಮಗಳು ಇಬ್ಬರನ್ನೂ ಬಾಚಿ ತಬ್ಬಿಕೊಂಡೆ.