ಎರಡನೇ ದನಿ

"ಮೊದ್ಲು ಹಳೇದು ಕೇಳಿ ಅಕ್ಕಾ," ಎಂದು ರೇಣುಕಪ್ರಸಾದ್ ಕಂಪ್ಯೂಟರಿನ ಗುಂಡಿ ಒತ್ತಿದ.

ತಿಪಟೂರಿನ ಅವನ ಪುಟ್ಟ ಸ್ಟುಡಿಯೋದ ತುಂಬ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು. ಅದರ ಹಿಂದಿನಿಂದ ಕೆಂಪಕ್ಕನ ಪ್ರಾಯದ ದನಿ ಎದ್ದು ಬಂತು. ಹೆಣ್ಣೊಪ್ಪಿಸುವ ಹಾಡು. ಮೂರನೆಯ ಸಾಲಿನಲ್ಲಿ ಪದವೊಂದನ್ನು ಅರ್ಧ ಆಡಿ ಆ ದನಿ ನಿಂತಿತು. ನಿಂತದ್ದು ಕಿವಿಗೆ ತಿಳಿಯುವ ಮೊದಲೇ ಇನ್ನೊಂದು ಹೆಣ್ಣುದನಿ, ಸ್ವಲ್ಪ ಒರಟಾದದ್ದು, ಉಳಿದರ್ಧವನ್ನು ಎತ್ತಿಕೊಂಡು ಮುಂದೆ ನಡೆಯಿತು.

"ಈಗ ನಮ್ದು."

ಹೊಸದರಲ್ಲಿ ಸುಯ್ಯೆನ್ನುವ ಸದ್ದಿರಲಿಲ್ಲ. ಅರವತ್ತು ದಾಟಿದ ಕೆಂಪಕ್ಕನ ದನಿ ಅದೇ ಸಾಲನ್ನು ಎಲ್ಲೂ ಮುರಿಯದೆ ಕೊನೆಯವರೆಗೆ ಹಾಡಿತು. ಆಮೇಲೆ, ತಾಳ ತಪ್ಪದೆ, ಈಗ ಪಕ್ಕದಲ್ಲೇ ಕೂತಿದ್ದ ಸೊಸೆ ಶಿಲ್ಪಳ ದನಿ ಕೂಡಿಕೊಂಡಿತು.

"ಹೆಂಗೈತಕ್ಕ? ಈ ಸಲಾನೂ ನಿಮ್ಗೆ ಅಲ್ಲೇ ಉಸ್ರು ಕಟ್ತು. ಬ್ಯಾರೆ ಸಾಲಿಂದ ತಂದು ಜೋಡ್ಸಿದೀನಿ. ಯಾರ್ಗೂ ಗೊತ್ತಾಗಲ್ಲ."

ಕೆಂಪಕ್ಕ ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. "ಚೆನ್ನಾಗೈತೆ ಕಣಪ್ಪ. ಆದ್ರೆ ಈಗ್ಲೇ ಯೂಟ್ಯೂಬಿಗೆ ಹಾಕ್ಬ್ಯಾಡ. ನಾನು ಹೇಳೋಗಂಟ ಬುಡು."

'ಚಪ್ಪರದ ಹಾಡು' ಎಂಬ ಆ ಕ್ಯಾಸೆಟ್ಟು ಒಂದು ಕಾಲಕ್ಕೆ ತಿಪಟೂರು, ತುರುವೇಕೆರೆ ಕಡೆಯ ಮದುವೆಮನೆಗಳ ಮೈಕಿನಲ್ಲೆಲ್ಲ ಹಾಡುತ್ತಿತ್ತು. ಮುಂದೆ ನಿಂತು ಹಾಡಿದವಳು ಹೊನ್ನವಳ್ಳಿಯ ಕೆಂಪಕ್ಕ. ದನಿಗೂಡಿಸಿದವಳು ಅವಳ ಗಂಡನ ತಂಗಿ, ದಬ್ಬೇಘಟ್ಟಕ್ಕೆ ಕೊಟ್ಟಿದ್ದ ಲಕ್ಷ್ಮಕ್ಕ. ರೆಕಾರ್ಡಿಂಗಿನ ದಿನ ಕೆಂಪಕ್ಕ ತುಂಬಿದ ಬಸುರಿ. ಅವಳ ಉಸಿರು ಸೋತಲ್ಲೆಲ್ಲ ಲಕ್ಷ್ಮಕ್ಕ ಎತ್ತಿಕೊಂಡಿದ್ದಳು.

ಆಗ ಹೊಟ್ಟೆಯಲ್ಲಿದ್ದವನು ರವಿಕಿರಣ್. ಮುಂದೆ ಲಕ್ಷ್ಮಕ್ಕನಿಗೆ ಮಧುಶ್ರೀ ಹುಟ್ಟಿದಾಗ ಇವಳು ಅವನಿಗೇ ಎಂದು ಎರಡೂ ಮನೆಯವರು ಮಾತಾಡಿಕೊಂಡರು. ಆದರೆ ಬೆಳೆದ ರವಿಕಿರಣ್ ತಾನು ಮೆಚ್ಚಿದ ಶಿಲ್ಪಳನ್ನೇ ಮದುವೆಯಾಗುತ್ತೇನೆಂದ. ಕೆಂಪಕ್ಕ ಒಪ್ಪಿದಳು, ದಬ್ಬೇಘಟ್ಟಕ್ಕೆ ಹೋಗಿ ಅದನ್ನು ತಾನೇ ಹೇಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ. ಲಕ್ಷ್ಮಕ್ಕನಿಗೆ ಸುದ್ದಿ ತಿಳಿದದ್ದು ಸಂತೆಯಲ್ಲಿ, ಯಾರದೋ ಬಾಯಿಂದ. ಹಟಕ್ಕೆ ಬಿದ್ದು ಅವಳು ಮಗಳನ್ನು ಆತುರಾತುರವಾಗಿ ಬೇರೆ ಕಡೆ ಕೊಟ್ಟಳು. ಆ ಮನೆಯಲ್ಲಿ ಬಾಳಲಾಗದೆ ಮಧುಶ್ರೀ ತವರಿಗೆ ಬಂದಳು. ತನ್ನ ಅಣ್ಣ, ಕೆಂಪಕ್ಕನ ಗಂಡ ಸಣ್ಣತಿಮ್ಮಯ್ಯ ತೀರಿಕೊಂಡಾಗಲೂ ಲಕ್ಷ್ಮಕ್ಕ ಬಂದು ಮಣ್ಣು ಹಾಕಿ, ಅತ್ತಿಗೆಯನ್ನು ಮಾತಾಡಿಸದೆ ಹೊರಟುಹೋಗಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಶಿಲ್ಪ ಮೆಲ್ಲಗೆ ಅಂದಳು: "ಅತ್ತೆ, ಕ್ಯಾಸೆಟ್ ಕೇಳಿ ಕೇಳಿ ನಾನು ಕಲ್ತಿದ್ದು ಅವ್ರ ಹಾಡು. ಒಂದು ಮಾತು ಕೇಳ್ದೆ ಹಾಕ್ಬುಟ್ರೆ ಕದ್ದಂಗಾಗಲ್ವಾ?"

ಹೊನ್ನವಳ್ಳಿಯ ಬಸ್ಸು ಬಂದಾಗ ಕೆಂಪಕ್ಕ ಏಳಲಿಲ್ಲ. ದಬ್ಬೇಘಟ್ಟದ ಬಸ್ಸು ಬಂದಾಗ ಎದ್ದಳು.

ಲಕ್ಷ್ಮಕ್ಕ ಜಗಲಿಯ ಮೇಲೆ ಕೂತು ಪೊರಕೆಗೆ ತೆಂಗಿನ ಗರಿಯ ಕಡ್ಡಿ ಹೆರೆಯುತ್ತಿದ್ದಳು. ಬಂದವರನ್ನು ನೋಡಿ ಕೈ ನಿಲ್ಲಿಸಿದಳು. "ಮಧೂ, ನೀರು ತಗಂಬಾ," ಎಂದಷ್ಟೇ ಒಳಕ್ಕೆ ಕೂಗಿದಳು.

ಮಧುಶ್ರೀ ನೀರು ತಂದಿಟ್ಟಳು. ಶಿಲ್ಪಳನ್ನು ಒಂದು ಗಳಿಗೆ ನೋಡಿ, "ಕೂತ್ಕೊಳಿ" ಎಂದಳು. ಬಂದ ಕಾರಣವನ್ನು ಶಿಲ್ಪಳೇ ಹೇಳಿ, ಮೊಬೈಲಿನಲ್ಲಿ ಎರಡನ್ನೂ ಹಾಕಿದಳು: ಮೊದಲು ಹಳೆಯದು, ಆಮೇಲೆ ಹೊಸದು.

ಲಕ್ಷ್ಮಕ್ಕ ತಲೆ ತಗ್ಗಿಸಿ ಕೇಳಿದಳು. ಮುಗಿದ ಮೇಲೆ, "ಹುಡ್ಗಿ ಚೆನ್ನಾಗಿ ಹಾಡ್ತಾಳೆ," ಎಂದಳು. ಆಮೇಲೆ ಮೊದಲ ಸಲ ಅತ್ತಿಗೆಯ ಮುಖ ನೋಡಿದಳು. "ಅಲ್ಲ ಕಣತ್ಗೆ, ಇಷ್ಟುದ್ದ ಉಸ್ರು ನಿಂಗೆ ಯಾವಾಗ ಬಂತು?"

"ನನ್ನ ಉಸ್ರಲ್ಲ ಲಕ್ಷ್ಮೀ. ಮಿಷಿನ್ನಲ್ಲಿ ಜೋಡ್ಸವ್ರೆ." ಕೆಂಪಕ್ಕ ಸ್ವಲ್ಪ ಹತ್ತಿರಕ್ಕೆ ಸರಿದಳು. "ನೀನು ಬಂದು ಹಾಡು. ಇನ್ನೊಂದ್ಸಲ ಮಾಡ್ಸಾನ. ಶಿಲ್ಪಾನೂ ಅದುನ್ನೇ ಅಂತಾಳೆ. ರವಿ ಮದ್ವೆ ಸುದ್ದೀನ ಅವತ್ತು ನಾನೇ ಬಂದು ಹೇಳ್ಬೇಕಾಗಿತ್ತು. ಹೆದ್ರುಕೊಂಡೆ."

ಲಕ್ಷ್ಮಕ್ಕ ಕಡ್ಡಿಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವತ್ತು ಕ್ಯಾಸೆಟ್ಟಿಗೆ ಹಾಡೋವಾಗ ನೀನು ಹೊಟ್ಟೆ ಹಿಡ್ಕೊಂಡು ನಿಂತಿದ್ದೆ. ಗಂಡಾದ್ರೆ ನನ್ನ ಅಳಿಯ ಅಂದ್ಕೊಂಡು ಎತ್ಕೊಂಡೆ ಹಾಡ್ನ. ಈಗ ಯಾರ್ನ ನೆನುಸ್ಕೊಂಡು ಎತ್ಕೊಳ್ಳಲಿ? ನೀನೇ ಹೇಳು."

ಶಿಲ್ಪ ಮೊಬೈಲನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮಧುಶ್ರೀ, "ಅಮ್ಮಾ, ಸಾಕು ಬುಡು," ಎಂದಳು.

"ನಾನೇನು ಬೈತಿಲ್ಲ ಕಣೇ. ಹಾಕ್ಕೊಳ್ಳಲಿ." ಲಕ್ಷ್ಮಕ್ಕ ಮತ್ತೆ ಗರಿ ಎಳೆದುಕೊಂಡಳು. "ಉಂಡ್ಕೊಂಡು ಹೋಗಿ" ಎನ್ನಲಿಲ್ಲ.

ಬಸ್ಸಿನವರೆಗೆ ಮಧುಶ್ರೀ ಜೊತೆಗೆ ಬಂದಳು. ದಾರಿಯಲ್ಲಿ ಶಿಲ್ಪ ಏನೋ ಹೇಳಲು ಹೋದಾಗ, "ನಿಮ್ದೇನೂ ತಪ್ಪಿಲ್ಲ ಕಣ್ರೀ," ಎಂದು ತಡೆದಳು. ಕೆಂಪಕ್ಕ ಅವಳ ತಲೆ ಸವರಲು ಕೈ ಎತ್ತಿದಳು; ಅಷ್ಟರಲ್ಲಿ ಬಸ್ಸು ಬಂತು.

ಕೂತ ಮೇಲೆ ಕೆಂಪಕ್ಕ ಸೊಸೆಯ ಮೊಬೈಲ್ ಕೇಳಿ ರೇಣುಕಪ್ರಸಾದನಿಗೆ ಮಾತಾಡಿದಳು. "ಆ ಜೋಡ್ಸಿರೋದ್ನ ಬಿಚ್ಚಾಕು ಕಣಪ್ಪ. ನನ್ನ ಉಸ್ರು ಎಲ್ಲಿ ನಿಂತೈತೋ ಅಲ್ಲೇ ನಿಲ್ಲಲಿ."

"ಅಕ್ಕಾ, ಮಧ್ಯ ಖಾಲಿ ಬೀಳ್ತೈತೆ. ಶಿಲ್ಪ ಅವ್ರ ಕೈಲಿ ಅಲ್ಲಿಂದ್ಲೇ ಎತ್ಸಾನ?"

ಕೆಂಪಕ್ಕ ಪಕ್ಕಕ್ಕೆ ತಿರುಗಿದಳು. ಫೋನಿನ ಮಾತು ಕೇಳಿಸಿಕೊಂಡಿದ್ದ ಶಿಲ್ಪ ಬೇಡವೆಂದು ತಲೆಯಾಡಿಸಿದಳು.

"ಬ್ಯಾಡ. ಖಾಲಿ ಇರ್ಲಿ."

"ಜನ ತಪ್ಪು ಅಂತಾರೆ."

"ಅನ್ಲಿ ಬುಡು."

ಊರು ದಾಟಿದ ಮೇಲೆ, ಎದುರಿಂದ ಬರುವ ಲಾರಿಗೆ ದಾರಿ ಬಿಡಲು ಬಸ್ಸು ತೋಟದ ಬೇಲಿಯ ಮಗ್ಗುಲಿಗೆ ನಿಂತಿತು. ಅಲ್ಲಿ ಇಬ್ಬರು ಹೆಂಗಸರು ತೆಂಗಿನ ಸೋಗೆಯ ಉದ್ದನೆಯ ಹೊರೆಯೊಂದನ್ನು ಹಿಂದೆ ಮುಂದೆ ಹೆಗಲು ಕೊಟ್ಟು ಹೊತ್ತು ಹೋಗುತ್ತಿದ್ದರು. ಹಿಂದಿನವಳು ಕಾಲಿಗೇನೋ ಚುಚ್ಚಿ ಥಟ್ಟನೆ ನಿಂತಳು. ಮುಂದಿನವಳಿಗೆ ಅದು ತಿಳಿಯಲಿಲ್ಲ. ಹೊರೆ ಹೆಗಲಿನಿಂದ ಜಾರಿದ ಮೇಲಷ್ಟೇ ಅವಳು ತಿರುಗಿ ನೋಡಿದಳು. "ನಾನು ನಿಲ್ಲೋಕ್ ಮುಂಚೇನೇ ಲಕ್ಷ್ಮಿಗೆ ಗೊತ್ತಾಗೋದು," ಎಂದಳು ಕೆಂಪಕ್ಕ ಸೊಸೆಗೆ.