ಹದಿನೇಳನೇ ಖೋಲಿಯ ಉತ್ತರ

"ಮೊದಲ ಚಪ್ಪಲಿ ಬಿಡಸ್ರಿ. ಚಪ್ಪಲಿ ಮ್ಯಾಲ ನೀರ ಹಾಕಿದ್ರ ಏನ್ ಬಂತು?"

ಹಾಗಂದ ಯಂಕಣ್ಣ ತಾನೇ ಬಗ್ಗಿ, ಜಟ್ಟೆಪ್ಪನ ಕಾಲಿನಿಂದ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಎಳೆದು ಗೋಡೆಯ ಬುಡಕ್ಕೆ ಸರಿಸಿದ. ಹೆಣಕ್ಕೆ ನೀರು ಹಾಕಲು ತಂಬಿಗೆ ಎತ್ತಿದವನು ಹಾಗೇ ನಿಂತ.

"ವೈನೀ, ಎರಡ ಬೆರಳಿಗೆ ಉಗುರ ಇಲ್ಲಲ್ಲ. ಇದ್ಯಾವಾಗ?"

"ಮೂಟಿ ಬಿದ್ದಿತ್ತಂತ," ಎಂದಳು ಸಾಬವ್ವ. ಒಂಬತ್ತು ವರ್ಷದ ಹಿಂದೆ ಗಂಡ ಹೇಳಿದ್ದನ್ನೇ ಒಪ್ಪಿಸಿದಳು. ಉಲ್ಹಾಸನಗರದ ಅಂಗಡಿಗಳಿಗೆ ಮೂಟೆ ಹೊರುವವನ ಕಾಲ ಮೇಲೆ ಮೂಟೆ ಬೀಳುವುದು ಹೊಸದೇನಲ್ಲ.

ಆ ಚಪ್ಪಲಿಯದೇ ಚಾಳಿನ ಮಂದಿಗೆಲ್ಲ ನಗೆಯಾಗಿತ್ತು. ಒಲೆಯ ಮುಂದೆಯೂ ಚಪ್ಪಲಿ, ಹಾಸಿಗೆಯ ಅಂಚಿನವರೆಗೂ ಚಪ್ಪಲಿ. ದೇವರ ಗೂಡಿನ ಹತ್ತಿರ ಮಾತ್ರ ಬಿಟ್ಟು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹೋಗುತ್ತಿದ್ದ. 'ಸಾಹೇಬರು ಬಂದ್ರು' ಎಂದು ಹೆಂಗಸರು ಕಿಸಕ್ಕನೆ ನಕ್ಕರೂ ಅವನು ತಿರುಗಿ ನೋಡಿದವನಲ್ಲ. ಇವತ್ತು ಬೆಳಗ್ಗೆ ಹೊಸ್ತಿಲ ಮೇಲೆ ಕೂತವನು ಕೂತಲ್ಲೇ ಗೋಡೆಗೆ ಒರಗಿದ್ದ. ಆಗಲೂ ಕಾಲಲ್ಲಿ ಚಪ್ಪಲಿ ಇದ್ದವು.

ಕಲ್ಯಾಣದ ರೈಲ್ವೆ ಯಾರ್ಡಿನ ಹಿಂದಿನ ಆ ಚಾಳಿನಲ್ಲಿ ಸಂಸಾರಕ್ಕೊಂದರಂತೆ ನಲವತ್ತೆರಡು ಖೋಲಿ. ಸತ್ತವನನ್ನು ಕೂರಿಸಿ ಒಯ್ಯುವ ಬಿದಿರಿನ ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಬಂದವರು ಇಬ್ಬರು, ಊರಿನ ಕಡೆಯ ಯಂಕಣ್ಣ ಮತ್ತು ಅವನ ಅಳಿಯ. ಉಳಿದ ಗಂಡಸರು ನಳದ ಕಟ್ಟೆಯ ಸುತ್ತ ಕೈಕಟ್ಟಿ ನಿಂತಿದ್ದರು.

"ಕೇಳಿದ್ಯಾ ಯಂಕಣ್ಣ?"

"ಕೇಳ್ದೆ ವೈನಿ. ಬೆನ್ನ ನೋವಂತ. ಇಡೀ ಚಾಳಿಗೆ ಇವತ್ತ ಬೆನ್ನ ನೋವು."

ಒಂಬತ್ತನೇ ಖೋಲಿಯ ಮುಂದೆ ಚಾಳಿನ ಹಿರಿಯ ಮಹಾದೇವಪ್ಪ ಬೀಡಿ ಹಚ್ಚದೆ ಬೆರಳ ಸಂದಿಯಲ್ಲಿ ತಿರುಗಿಸುತ್ತಿದ್ದ. ಅವನು ಒಂದು ಹೆಜ್ಜೆ ಇಟ್ಟರೆ ಉಳಿದವರೂ ಇಡುತ್ತಾರೆ. ಅವನು ಇಡುವಂತಿರಲಿಲ್ಲ. ಅವನ ಹೆಂಡತಿ ಸತ್ಯಮ್ಮ ಒಳಗಿನಿಂದಲೇ, ಗಟ್ಟಿಯಾಗಿ ಅಲ್ಲ, ಆದರೆ ಕೇಳಲಿ ಎಂದೇ ಅಂದಳು:

"ಪೊಲೀಸರಿಗೆ ಖಬರ್ ಕೊಟ್ಟವಗ ಪೊಲೀಸರ ಬಂದು ಹೆಗಲ ಕೊಡ್ಲಿ."

ಸಾಬವ್ವ ತಿರುಗಿ ಮಾತಾಡಬಹುದಿತ್ತು. ಆದರೆ ಸತ್ಯಮ್ಮ ನಾಲಿಗೆಯ ಮೇಲೆ ಇಟ್ಟುಕೊಂಡ ಸಂಶಯವನ್ನೇ ಅವಳು ಒಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಗಂಡನ ಅಂಗಿಯ ಜೇಬಿನಲ್ಲಿ ಎಂಟು ದಿನದಿಂದ ಒಂದು ಅಂಚೆ ಕಾರ್ಡು ಇತ್ತು. ಯಾರದೆಂದು ಕೇಳಿದರೆ 'ಹಳೇ ಕೆಲಸದ್ದು' ಎಂದಿದ್ದ. ಹಳೇ ಕೆಲಸ ಅಂದರೆ ಯಾವುದು ಎಂದು ಅವಳಿಗೆ ಗೊತ್ತಿತ್ತು.

*

ಎಪ್ಪತ್ತೆಂಟರಲ್ಲಿ ಊರ್ಮಿಳಾ ಎಂಬ ಹುಡುಗಿ ಈ ಚಾಳಿಗೆ ಬಂದಿದ್ದಳು. ಮನೆಯವರದು ಉಡುಪಿ ಕಡೆ. ಇರುವುದು ಠಾಣೆ ಶಹರದ ನೌಪಾಡಾದಲ್ಲಿ. ಕಳ್ಳತನ, ಹೊಡೆದಾಟಗಳ ಲೆಕ್ಕ ಹಿಡಿಯುವ ಓದು ಅವಳದು. ನಾಲ್ಕನೇ ಇಯತ್ತೆ ಓದಿ, ದುಂಡಗೆ ಬರೆಯುತ್ತಿದ್ದ ಜಟ್ಟೆಪ್ಪನನ್ನು ಮನೆಮನೆಗೆ ಕೇಳಿ ಬರೆಯಲು ಇಟ್ಟುಕೊಂಡಳು.

"ಪೊಲೀಸರ ಪುಸ್ತಕದಲ್ಲಿ ಈ ಚಾಳಿಂದು ವರ್ಷಕ್ಕೆ ಎರಡೇ ಕಳ್ಳತನ ಉಂಟು," ಎಂದಿದ್ದಳು. "ಪುಸ್ತಕ ಸರಿಯಾ, ಜನ ಸರಿಯಾ ನೋಡ್ಬೇಕು. ಆರು ತಿಂಗಳು ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ. ಎರಡೂ ಸಲ ಒಂದೇ ಉತ್ತರ ಬಂದ್ರೆ ನಂಬಬಹುದು."

ಫಾರ್ಮಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ಜಟ್ಟೆಪ್ಪ ಸುಣ್ಣದ ಕಡ್ಡಿಯಿಂದ ಪ್ರತಿ ಬಾಗಿಲಿಗೂ ನಂಬರು ಬರೆದ. ತಪ್ಪಾದದ್ದು ಅಲ್ಲೇ. ನಂಬರು ಬಿದ್ದ ಬಾಗಿಲಿಗೆ ನಾಳೆ ಜೀಪು ಬರುತ್ತದೆ ಎಂದುಕೊಂಡ ಚಾಳು ಬಾಯಿ ಹೊಲಿದುಕೊಂಡಿತು. ನಿಮ್ಮ ಮನೆಯಲ್ಲಿ ಏನಾದರೂ ಕಳುವಾಗಿದೆಯೇ? ಇಲ್ಲ. ಪೊಲೀಸರು ಹೊಡೆದಿದ್ದಾರೆಯೇ? ಇಲ್ಲ. ಮನೆಯಲ್ಲಿ ಯಾರಾದರೂ ಬೇರೆಯವರ ವಸ್ತು ತಂದಿದ್ದಾರೆಯೇ? ಶಿವಶಿವಾ, ಇಲ್ಲ.

ಎರಡನೇ ಸಲ ಅವನು ಕಾಗದ, ಪೆನ್ಸಿಲು ಮನೆಯಲ್ಲೇ ಬಿಟ್ಟು ನಳದ ಕಟ್ಟೆಯ ಮೇಲೆ ಹೋಗಿ ಕೂತ. ನೀರಿಗೆ ಬಂದವರು ತಾವಾಗಿಯೇ ಬಾಯಿ ಬಿಟ್ಟರು. ಒಂದು ಮಧ್ಯಾಹ್ನ ಸತ್ಯಮ್ಮ ಅವನ ಹತ್ತಿರ ಬಗ್ಗಿ ಏನೋ ಹೇಳಿ ಕಣ್ಣೊರೆಸಿಕೊಂಡದ್ದನ್ನು ಸಾಬವ್ವ ದೂರದಿಂದ ಕಂಡಳು. ಗಂಡ ಒಳಗೆ ಬಂದವನೇ ಗೋಡೆಗೆ ಮುಖ ಮಾಡಿ ಕೂತು ಬರೆದದ್ದನ್ನೂ ಕಂಡಳು.

ತಿಂಗಳು ತುಂಬುವುದರೊಳಗೆ ಜೀಪು ಬಂತು. ಬಂದದ್ದು ಇವರ ಬಾಗಿಲಿಗೇ. ಪೊಲೀಸ್ ಠಾಣೆಗೆ ಹೋದವರನ್ನು ಹೊತ್ತುಕೊಂಡು ಬರುವ ಕಾಲ ಅದು. ಜಟ್ಟೆಪ್ಪ ಮೂರನೇ ದಿನ ಟಾಂಗಾ ಇಳಿದು, ಹೊಸ ರಬ್ಬರ್ ಚಪ್ಪಲಿ ಮೆಟ್ಟಿ, ತಾನೇ ನಡೆದು ಒಳಗೆ ಬಂದ. ಹದಿನೈದು ದಿನಕ್ಕೆ ಸತ್ಯಮ್ಮನ ಮಗ ಹಣಮಂತ್ರಾಯ ತಾಮ್ರದ ತಂತಿಯ ಕೇಸಿನಲ್ಲಿ ಒಳಗೆ ಹೋದ. ಬಿಟ್ಟ ಮೇಲೂ ಮನೆಗೆ ಬರಲಿಲ್ಲ, ಸೂರತ್ತಿನಲ್ಲಿದ್ದಾನೆಂದು ಸುದ್ದಿ. ಎರಡಕ್ಕೆ ಎರಡು ಕೂಡಿಸಲು ಚಾಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಾಬವ್ವ ಗಂಡನನ್ನು ಕೇಳಲಿಲ್ಲ. ಕೇಳಿ, ಅವನು ಹೌದು ಅಂದುಬಿಟ್ಟರೆ?

*

ಹನ್ನೊಂದರ ಹೊತ್ತಿಗೆ ಕೈಮಗ್ಗದ ಸೀರೆಯ ಹೆಂಗಸೊಬ್ಬಳು ಬಗಲಚೀಲ ಹಾಕಿಕೊಂಡು ಗಟಾರ ದಾಟಿ ಬಂದಳು. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದರೂ ಚಾಳು ಗುರುತು ಹಿಡಿಯಿತು.

"ಬಂದ್ಲ ನೋಡ್ರಿ ಮೇಡಮ್ಮು. ಖಬರ್ ಹೆಂಗ ಮುಟ್ತದ ಇವರಿಗೆ," ಎಂದಳು ನಳದ ಹತ್ತಿರ ನಿಂತಿದ್ದ ಭೀಮಮ್ಮ.

ಊರ್ಮಿಳಾ ಕೂರಿಸಿದ್ದ ಹೆಣದ ಮುಂದೆ ನಿಂತುಬಿಟ್ಟಳು. "ಇವತ್ತು ಬರ್ತೇನೆ ಅಂತ ಕಾರ್ಡ್ ಹಾಕಿದ್ದೆ. ಒಂದು ಮಾತು ಕೇಳ್ಲಿಕ್ಕೆ ಇತ್ತು."

"ಮೊದಲ ನಂದೊಂದು ಮಾತ ಹೇಳ್ರಿ," ಎಂದಳು ಸಾಬವ್ವ. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು. "ಇವರು ಬರೆದ ಕಾಗದ ಪೊಲೀಸರ ಕೈಗೆ ಯಾರು ಕೊಟ್ಟಿದ್ದು? ಇವರೇ ಕೊಟ್ರೇನು?"



"ಇವರಲ್ಲ. ಪೊಲೀಸರು ನಮ್ಮ ಆಫೀಸಿಗೇ ಬಂದು ಫಾರ್ಮೆಲ್ಲ ತಿರುವಿ ಹಾಕಿದ್ರು. ನನ್ನಿಂದ ತಡೆಯಲಿಕ್ಕೆ ಆಗ್ಲಿಲ್ಲ." ಊರ್ಮಿಳಾ ಚೀಲದಿಂದ ಹಳದಿಗಟ್ಟಿದ ಕಟ್ಟು ತೆಗೆದಳು. "ನಾನೂ ಇವರನ್ನು ಆಗಲೇ ಕೆಲಸದಿಂದ ತೆಗೆದೆ. ಮನೆಯಲ್ಲಿ ಕೂತು ಸುಳ್ಳು ಬರೆದದ್ದು ಅಂತ. ನೋಡಿ, ನಲವತ್ತೊಂದು ಖೋಲಿಯಲ್ಲಿ ಎರಡೂ ಸಲ ಎಲ್ಲದಕ್ಕೂ ಇಲ್ಲ ಇಲ್ಲ. ಒಂದರಲ್ಲಿ ಮಾತ್ರ ಮೊದಲ ಸಲ ಇಲ್ಲ, ಎರಡನೇ ಸಲ ಎಲ್ಲದಕ್ಕೂ ಹೌದು. ಒಂದೇ ಮನೆಯಲ್ಲಿ ಇಷ್ಟೆಲ್ಲ ಹೇಗೆ ಆಗ್ತದೆ?"

"ಓದ್ರಿ," ಎಂದಳು ಸಾಬವ್ವ.

"ಪಂಚಮಿ ಹಿಂದಿನ ದಿನ ನಳದ ಹತ್ತಿರ ಇಟ್ಟಿದ್ದ ಹಿತ್ತಾಳಿ ಕೊಡ ಕಳುವಾಯಿತು."

"ಅದು ನಂದು," ಎಂದಳು ಭೀಮಮ್ಮ. ಆಮೇಲೆ ಬಾಯಿಗೆ ಸೆರಗು ಹಿಡಿದಳು.

"ರಾತ್ರಿ ಪಾಳಿ ಮುಗಿಸಿ ಬರುವಾಗ ಪೊಲೀಸರ ಲಾಠಿ ಬಿದ್ದು ಮುಂಗೈ ಮುರಿಯಿತು."

ಕೈಕಟ್ಟಿ ನಿಂತವರಲ್ಲಿ ಒಬ್ಬ ತನ್ನ ಸೊಟ್ಟ ಮುಂಗೈಯನ್ನು ಮೆಲ್ಲಗೆ ಕೆಳಗೆ ಬಿಟ್ಟ.

"ಮನೆಯ ಹುಡುಗ ಯಾರ್ಡಿನಿಂದ ತಾಮ್ರದ ತಂತಿ ತರುತ್ತಾನೆ. ಜೋಳದ ಡಬ್ಬಿಯ ಹಿಂದೆ ಇಡುತ್ತಾನೆ. ಬೈದರೆ ಕೇಳುವುದಿಲ್ಲ."

ಯಾರೂ ಒಂಬತ್ತನೇ ಖೋಲಿಯ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಲ್ಲರೂ ಕಷ್ಟಪಟ್ಟರು. ಮಹಾದೇವಪ್ಪನ ಬೆರಳಲ್ಲಿ ಬೀಡಿ ಮುರಿಯಿತು.

"ಇದು ಹದಿನೇಳನೇ ನಂಬರು," ಎಂದಳು ಊರ್ಮಿಳಾ. "ಪೊಲೀಸರೂ ಇದನ್ನೇ ನೋಡಿ ಹೋದದ್ದು. ಯಾರದ್ದು ಈ ಹದಿನೇಳು?"

ಸಾಬವ್ವ ತಾನು ಒರಗಿ ನಿಂತಿದ್ದ ಬಾಗಿಲ ಮೇಲೆ ಅಂಗೈ ಇಟ್ಟಳು. "ಇದ."

ಊರ್ಮಿಳಾ ಬಾಗಿಲನ್ನೂ ಫಾರ್ಮನ್ನೂ ಎರಡೆರಡು ಸಲ ನೋಡಿದಳು. "ಹಾಗಾದ್ರೆ ಇದರಲ್ಲಿ ಬರೆದದ್ದು..."

"ಉತ್ತರ ಎಲ್ಲಾ ಖರೇನ ಅದಾವ," ಎಂದಳು ಸಾಬವ್ವ. "ನಂಬರಷ್ಟ ಸುಳ್ಳು."

ಮಹಾದೇವಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಹುಡುಗನ್ನ ಹಿಡಿದಿದ್ದು ವ್ಯಾಗನ್ ಮ್ಯಾಲ," ಎಂದ, ಯಾರಿಗೂ ಅಲ್ಲ ಎಂಬಂತೆ. "ಮನ್ಯಾಗ ಅಲ್ಲ. ಅದು ನನಗ ಗೊತ್ತಿತ್ತು." ಮೆಟ್ಟಿಲಿಳಿದು ಬಂದು ಚಟ್ಟದ ಮುಂದಿನ ಬಿದಿರು ಹಿಡಿದ. ನಳದ ಕಟ್ಟೆಯಿಂದ ಸೊಟ್ಟ ಕೈಯವನೂ ಬಂದ. ಬೆನ್ನು ನೋವಿನ ಮಾತು ಯಾರೂ ತೆಗೆಯಲಿಲ್ಲ.

ಎತ್ತಬೇಕು ಅನ್ನುವಾಗ ಸತ್ಯಮ್ಮ ಹೊರಗೆ ಬಂದಳು. ಸಾಬವ್ವನ ಮುಖ ನೋಡಲಿಲ್ಲ. ಗೋಡೆಯ ಬುಡದಲ್ಲಿದ್ದ ಚಪ್ಪಲಿಗಳನ್ನು ನಳದ ಕೆಳಗೆ ಹಿಡಿದು, ಪಟ್ಟಿಯ ಸಂದಿಯ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕಿ ತೊಳೆದಳು. ಚಟ್ಟದ ಮುಂದೆ ಕುಕ್ಕರಿಸಿ, ಎರಡು ಬೆರಳಿಗೆ ಉಗುರಿಲ್ಲದ ಆ ಕಾಲನ್ನು ಮಡಿಲಿಗೆ ತೆಗೆದುಕೊಂಡಳು.

"ಚಪ್ಪಲಿ ಹಾಕಿ ಮಣ್ಣಿಗೆ ಕಳಸೂದು ಪದ್ಧತಿ ಅಲ್ಲವ್ವಾ," ಎಂದರು ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರು.

"ಆ ಕಾಲ ಮ್ಯಾಲ ಬಿದ್ದಿದ್ದು ಮೂಟಿ ಅಲ್ರಿ. ಅವರಿಗೆ ಬರಿಗಾಲಲ್ಲಿ ಆಗಂಗಿಲ್ಲ," ಎಂದಳು ಸಾಬವ್ವ.

ಸೆಟೆದ ಬೆರಳುಗಳು ಪಟ್ಟಿಯೊಳಗೆ ಹೋಗಲೊಲ್ಲವು. ಸತ್ಯಮ್ಮ ಅವಸರ ಮಾಡಲಿಲ್ಲ. ನಾಲ್ಕು ಜನ ಬಿದಿರಿಗೆ ಕೈಯಿಟ್ಟು, ಬಗ್ಗಿದವರು ಬಗ್ಗಿದಂತೆಯೇ, ಅವಳು ಎರಡನೇ ಚಪ್ಪಲಿ ಹಾಕಿ ಮುಗಿಸುವವರೆಗೆ ಕಾದರು.